ಇಡೀ ಬದುಕಿಗೆ ಒಂದು ಪ್ಯಾರಾ

ವಸಾಹತು ಆಳ್ವಿಕೆಯ ನೆರಳಿನಲ್ಲಿ ಹುಟ್ಟಿದ ಸಾಹಿತ್ಯವನ್ನು ಓದುವ ವಸಾಹತೋತ್ತರ ವಿಮರ್ಶೆಯನ್ನು ಕಲಿಸುತ್ತ, ಸಂಶೋಧನಾ ಪ್ರಬಂಧಗಳನ್ನು ತಿದ್ದುತ್ತ ಬಂದಿರುವ ನನ್ನನ್ನು ಒಂದು ವಾಕ್ಯ ಬಿಡದೆ ಕಾಡುತ್ತದೆ: ‘ಈ ಕೃತಿಯು ವಸಾಹತುಶಾಹಿಯನ್ನು ವಿರೋಧಿಸುತ್ತದೆ.’ ವಾಕ್ಯ ಸುಳ್ಳೇನಲ್ಲ. ಆದರೆ ಅದನ್ನು ಬರೆದ ಕೂಡಲೇ ಸಾಹಿತ್ಯಕ್ಕೂ ರಾಜಕೀಯಕ್ಕೂ ಇರುವ ಸಂಬಂಧವನ್ನು ವಿವರಿಸಿದಂತಾಯಿತು ಎಂದು ವಿದ್ಯಾರ್ಥಿಗಳು ನಂಬಿಬಿಡುತ್ತಾರೆ. ಮುಂದೆ ಚರಿತ್ರೆಯ ಘಟನೆಗಳು ಬರುತ್ತವೆ, ಲೇಖಕರ ಸಂದರ್ಶನದ ಮಾತುಗಳು ಬರುತ್ತವೆ, ಕಾದಂಬರಿ ಮಾತ್ರ ಬರುವುದೇ ಇಲ್ಲ.

ನೈಜೀರಿಯಾದ ಲೇಖಕ ಚಿನುವಾ ಅಚಿಬೆಯವರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಕುರಿತು ಮಿಷನರಿಗಳು, ಬ್ರಿಟಿಷ್ ಆಡಳಿತ ಎಂದು ಪುಟಗಟ್ಟಲೆ ಶ್ರದ್ಧೆಯಿಂದ ಬರೆದು ತಂದಿದ್ದ ವಿದ್ಯಾರ್ಥಿನಿಯೊಬ್ಬಳು ಅದರ ಕೊನೆಯ ಪ್ಯಾರಾವನ್ನು ಮುಟ್ಟಿರಲೇ ಇಲ್ಲ. ಇಗ್ಬೊ ಜನರ ನಡುವೆ ನಿಂತು ಅವರ ಗಾದೆ, ಹಬ್ಬ, ನ್ಯಾಯ, ಕ್ರೌರ್ಯಗಳನ್ನು ಹೇಳುತ್ತ ಬಂದ ನಿರೂಪಣೆ, ಕಥಾನಾಯಕ ಒಕೊಂಕ್ವೊ ನೇಣು ಹಾಕಿಕೊಂಡ ಮೇಲೆ, ಅಲ್ಲಿ ಬ್ರಿಟಿಷ್ ಅಧಿಕಾರಿಯ ಮನಸ್ಸಿನೊಳಕ್ಕೆ ಹೊರಳುತ್ತದೆ. ತಾನು ಬರೆಯಲಿರುವ ಪುಸ್ತಕದಲ್ಲಿ ಈ ಮನುಷ್ಯನಿಗೆ ಇಡೀ ಅಧ್ಯಾಯವಲ್ಲದಿದ್ದರೂ ಒಂದು ಪ್ಯಾರಾ ಕೊಡಬಹುದು ಎಂದು ಅವನು ಲೆಕ್ಕ ಹಾಕುತ್ತಾನೆ. ಅಷ್ಟರಲ್ಲಿ ಆ ಬದುಕನ್ನು 25 ಅಧ್ಯಾಯಗಳಲ್ಲಿ ಕಂಡಿರುವ ಓದುಗರಿಗೆ, ಆಳುವವರ ದಾಖಲೆಯಿಂದ ಏನೆಲ್ಲ ಹೊರಗುಳಿಯುತ್ತದೆ ಎಂಬುದು ಯಾರೂ ವಿವರಿಸದೆಯೇ ಅನುಭವಕ್ಕೆ ಬರುತ್ತದೆ.

ಇದನ್ನೇ ಮತ್ತೊಂದು ರೀತಿಯಲ್ಲಿ ಹೇಳುತ್ತೇನೆ, ಏಕೆಂದರೆ ಎಡವುವುದು ಇಲ್ಲಿಯೇ. ಆ ಪ್ಯಾರಾ ಮೊದಲ ಪುಟದಲ್ಲಿ ಬಂದಿದ್ದರೆ ಘಟನೆಗಳಾಗಲಿ ಲೇಖಕರ ನಿಲುವಾಗಲಿ ಬದಲಾಗುತ್ತಿರಲಿಲ್ಲ. ಆದರೆ ಒಕೊಂಕ್ವೊನನ್ನು ನಾವು ಮೊದಲು ಅಧಿಕಾರಿಯ ಕಣ್ಣಿನಿಂದಲೇ ನೋಡುತ್ತಿದ್ದೆವು, ಉಳಿದ ಕಾದಂಬರಿ ಆ ನೋಟಕ್ಕೆ ಸಲ್ಲಿಸಿದ ಅಹವಾಲಿನಂತೆ ಓದಿಸಿಕೊಳ್ಳುತ್ತಿತ್ತು. ಆಶಯ ಅದೇ ಇದ್ದು ಹೇಳುವ ಕ್ರಮ, ಅಂದರೆ ಆಕೃತಿ ಬದಲಾದರೆ ರಾಜಕೀಯವೂ ಬದಲಾಗುತ್ತದೆ.

ಅಚಿಬೆಯವರು 1975ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಇಂಗ್ಲಿಷ್ ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಕುರಿತು ನೀಡಿದ ಉಪನ್ಯಾಸವನ್ನೂ ‘ಕಾನ್ರಾಡ್ ಜನಾಂಗದ್ವೇಷಿ’ ಎಂಬ ತೀರ್ಪಿಗೆ ಇಳಿಸಿ ಕೈತೊಳೆದುಕೊಳ್ಳುವವರಿದ್ದಾರೆ. ತೀರ್ಪು ಕಟುವಾಗಿಯೇ ಇದೆ. ಆದರೆ ಕಾನ್ರಾಡ್ ಅವರ ಕಾದಂಬರಿ ‘ಹಾರ್ಟ್ ಆಫ್ ಡಾರ್ಕ್‌ನೆಸ್’ನಲ್ಲಿ ಆಫ್ರಿಕನ್ನರಿಗೆ ಮಾತು ದಕ್ಕುವುದು ಎರಡೇ ಸಲ ಎಂದು ಪಠ್ಯದಿಂದಲೇ ತೋರಿಸಿ ಅವರು ಅಲ್ಲಿಗೆ ತಲುಪುತ್ತಾರೆ. ಅದನ್ನು ಒಪ್ಪದವರೂ ಮಾರ್ಲೊ ಎಂಬ ನಿರೂಪಕನಿಗೂ ಲೇಖಕನಿಗೂ ಇರುವ ಅಂತರವನ್ನು ಮುಂದಿಟ್ಟೇ ವಾದಿಸಿದ್ದಾರೆ. ಯಾರು ಸರಿಯೆಂದು ಕೊನೆಯ ಮಾತು ಹೇಳಲು ನಾನು ಹಿಂಜರಿಯುತ್ತೇನೆ. ಆದರೆ ಜಗಳ ಪಠ್ಯದ ಒಳಗೇ ನಡೆಯಬೇಕು.

ಹಾಗೆಂದು ಪಠ್ಯದ ಹೊರಗೆ ಏನೂ ಇಲ್ಲವೆಂದು ತಿಳಿಯಬಾರದು. ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ಅವರ ಕಾದಂಬರಿ ‘ಪೆಟಲ್ಸ್ ಆಫ್ ಬ್ಲಡ್’ 1977ರಲ್ಲಿ, ಸ್ವತಂತ್ರ ಕೀನ್ಯಾದ ಆಳುವವರನ್ನು ಇಂಗ್ಲಿಷಿನಲ್ಲಿ ತೀಕ್ಷ್ಣವಾಗಿ ಟೀಕಿಸಿತ್ತು. ಅದೇ ವರ್ಷ ಅಲ್ಲಿನ ಕಮಿರಿಥು ಎಂಬ ಹಳ್ಳಿಯಲ್ಲಿ ರೈತರೂ ಕೂಲಿಕಾರರೂ ಗಿಕುಯು ಭಾಷೆಯಲ್ಲಿ ಆಡಿದ, ಗೂಗಿ ಸಹಲೇಖಕರಾಗಿದ್ದ ನಾಟಕವನ್ನು ಸರ್ಕಾರ ನಿಲ್ಲಿಸಿತು. ವರ್ಷದ ಕೊನೆಗೆ ವಿಚಾರಣೆಯಿಲ್ಲದೆ ಅವರ ಬಂಧನವಾಯಿತು. ಬಂಧನಕ್ಕೆ ಇದೊಂದೇ ಕಾರಣವೆಂದು ನಾನು ಹೇಳಲಾರೆನಾದರೂ, ಯಾವ ಭಾಷೆಯಲ್ಲಿ, ಯಾರ ಬಾಯಿಂದ, ಯಾರ ಎದುರು ಎಂಬುದನ್ನು ಅಧಿಕಾರಸ್ಥರು ಅನೇಕ ವಿಮರ್ಶಕರಿಗಿಂತ ಚೆನ್ನಾಗಿ ಗಮನಿಸಿದ್ದರು. ಸೆರೆಯಲ್ಲಿ ಗೂಗಿ ಗಿಕುಯುವಿನಲ್ಲೇ ಕಾದಂಬರಿ ಬರೆದರು, ಕಥೆ ಹೇಳುವ ಕೆಲಸವನ್ನು ಹಾಡುಗಾರನೊಬ್ಬನಿಗೆ ಒಪ್ಪಿಸಿದರು. ಅದು ಪ್ರಕಟವಾದ ಮೇಲೆ ಮನೆಗಳಲ್ಲೂ ಬಾರುಗಳಲ್ಲೂ ಜನ ಗಟ್ಟಿಯಾಗಿ ಓದಿ ಕೇಳಿಸಿಕೊಂಡರೆಂದು ಅವರೇ ದಾಖಲಿಸಿದ್ದಾರೆ. ಆ ಹಾಡುಗಾರನನ್ನು ಬಿಟ್ಟು ಭ್ರಷ್ಟಾಚಾರದ ವಸ್ತುವನ್ನಷ್ಟೇ ಎತ್ತಿಕೊಳ್ಳುವ ಪ್ರಬಂಧವನ್ನು ನಾನು ಮರಳಿ ಬರೆಯಲು ಕಳುಹಿಸುತ್ತೇನೆ.