ಇನ್ವರ್ಷನ್: ಗಾಳಿ ಹಿಡಿದು ಮೂಲ ಹುಡುಕುವ ಲೆಕ್ಕ

ಪಕ್ಕದ ಬೀದಿಯಲ್ಲಿ ಯಾರೋ ಹಲಸಿನ ಹಣ್ಣು ಬಿಡಿಸಿದ್ದಾರೆ. ವಾಸನೆ ನಿಮ್ಮ ಜಗಲಿಗೂ ಬಂತು. ಯಾರ ಮನೆ? ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡುತ್ತೀರಿ, ಆ ಕಡೆ ಯಾರ ಹಿತ್ತಲಲ್ಲಿ ಹಲಸಿನ ಮರ ಇದೆ ಎಂದು ನೆನಪು ಮಾಡಿಕೊಳ್ಳುತ್ತೀರಿ, ಎರಡನ್ನೂ ಸೇರಿಸಿ ಒಂದು ಮನೆ ಹೇಳುತ್ತೀರಿ. ವಾತಾವರಣ ವಿಜ್ಞಾನದಲ್ಲಿ ಇಂಥ ಹಿಮ್ಮುಖ ಲೆಕ್ಕಕ್ಕೆ ಇನ್ವರ್ಷನ್ ಅನ್ನುತ್ತಾರೆ. ಚಳಿಗಾಲದ ಬೆಳಗ್ಗೆ ಹೊಗೆ ಮೇಲೇರದೆ ನೆಲದ ಹತ್ತಿರವೇ ನಿಲ್ಲುತ್ತದಲ್ಲ, ಆ ಇನ್ವರ್ಷನ್ ಬೇರೆ. ಹೆಸರು ಮಾತ್ರ ಒಂದೇ.

ಇಲ್ಲಿ ಹುಡುಕುತ್ತಿರುವುದು ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ, 100 ವರ್ಷದ ಲೆಕ್ಕದಲ್ಲಿ, ಇದರ ಒಂದು ಕಿಲೋ 273 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ನಾವು ಹಾಕುವ ಗೊಬ್ಬರವನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಇದನ್ನು ಬಿಡುತ್ತವೆ. 45 ಕಿಲೋ ಯೂರಿಯಾ ಮೂಟೆಯಲ್ಲಿ ಸುಮಾರು 20.7 ಕಿಲೋ ನೈಟ್ರೋಜನ್ ಇರುತ್ತದೆ. ಅದರಲ್ಲಿ ಶೇ. 1ರಷ್ಟು ಈ ಅನಿಲವಾಗಿ ಹೋಗುತ್ತದೆ ಎಂದುಕೊಂಡರೂ, ಅನಿಲದಲ್ಲಿರುವ ಆಕ್ಸಿಜನ್ ತೂಕವೂ ಸೇರಿ ಒಂದು ಮೂಟೆಗೆ ಸುಮಾರು 325 ಗ್ರಾಂ ಆಯ್ತು. ಹೀಗೆ ಮೂಟೆ, ದನ, ಕಾರ್ಖಾನೆ, ಕಾಡು, ಸಮುದ್ರ ಎಲ್ಲವನ್ನೂ ಎಣಿಸಿ ಕೂಡುವುದಕ್ಕೆ ಬಾಟಮ್ ಅಪ್ ಎಂದು ಹೆಸರು. ತೊಂದರೆ ಏನೆಂದರೆ ಆ ಶೇ. 1 ಎಲ್ಲ ಕಡೆ ಶೇ. 1 ಅಲ್ಲ. ಮಳೆ ಬಿದ್ದ ಮರುದಿನ ಒಂದು, ಒಣಗಿದ ಹೊಲದಲ್ಲಿ ಇನ್ನೊಂದು.

ಇನ್ವರ್ಷನ್ ಇದರ ಉಲ್ಟಾ, ಟಾಪ್ ಡೌನ್. ಮೊದಲು ಗಾಳಿಯನ್ನೇ ಅಳೆಯುತ್ತಾರೆ. ಜಗತ್ತಿನ ಒಟ್ಟು ಮೊತ್ತ ಇದರಿಂದ ಸುಲಭವಾಗಿ ಸಿಗುತ್ತದೆ: ಗಾಳಿಯಲ್ಲಿ ವರ್ಷಕ್ಕೆ ಎಷ್ಟು ಜಾಸ್ತಿಯಾಯಿತು, ಮೇಲೆ ಸ್ಟ್ರಾಟೋಸ್ಫಿಯರ್‌ನಲ್ಲಿ, ಅಂದರೆ ಓಝೋನ್ ಇರುವ ಎತ್ತರದ ಗಾಳಿಯ ಪದರದಲ್ಲಿ, ಬಿಸಿಲಿಗೆ ಎಷ್ಟು ನಾಶವಾಯಿತು, ಎರಡನ್ನೂ ಕೂಡಿದರೆ ಮುಗಿಯಿತು. 2024ರಲ್ಲಿ ಪ್ರಕಟವಾದ ಈ ಅನಿಲದ ಜಾಗತಿಕ ಲೆಕ್ಕಪತ್ರ ನೋಡಿ. ಅದರಲ್ಲಿ ಅನಿಲದೊಳಗಿನ ನೈಟ್ರೋಜನ್ ತೂಕವನ್ನಷ್ಟೇ ಎಣಿಸುತ್ತಾರೆ. 2020ರಲ್ಲಿ ಹೊರಬಂದದ್ದು ಕೆಳಗಿನಿಂದ ಎಣಿಸಿದರೆ 1.06ರಿಂದ 2.7 ಕೋಟಿ ಟನ್ ನೈಟ್ರೋಜನ್, ಮೇಲಿನಿಂದ ಅಳೆದರೆ 1.66ರಿಂದ 1.74 ಕೋಟಿ ಟನ್. ಯಾವುದು ಬಿಗಿಯಾಗಿದೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಕಷ್ಟ ಇರುವುದು ಯಾರು ಬಿಟ್ಟರು ಎನ್ನುವುದರಲ್ಲಿ. ಈ ಅನಿಲ ಗಾಳಿಯಲ್ಲಿ ಸುಮಾರು 120 ವರ್ಷ ಉಳಿಯುವುದರಿಂದ ಎಲ್ಲ ಕಡೆ ಬೆರೆತುಹೋಗಿರುತ್ತದೆ, ಜಾಗದಿಂದ ಜಾಗಕ್ಕೆ ವ್ಯತ್ಯಾಸ ತೀರಾ ಕಡಿಮೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವೀಕ್ಷಣಾಲಯ ಇರುವ ಲಡಾಖ್‌ನ ಹಾನ್ಲೆಯಲ್ಲೂ, ಪುದುಚೇರಿಯಲ್ಲೂ ಗಾಜಿನ ಫ್ಲಾಸ್ಕ್‌ಗಳಲ್ಲಿ ಗಾಳಿ ತುಂಬಿಸಿ ಫ್ರಾನ್ಸಿನ ಲ್ಯಾಬಿಗೆ ಕಳಿಸಿದ್ದರು. ಎರಡು ಊರಿನ ನಡುವೆ ಸಿಕ್ಕ ವ್ಯತ್ಯಾಸ ಸುಮಾರು 3 ಪಿಪಿಬಿ, ಅಂದರೆ ನೂರು ಕೋಟಿ ಅಣುಗಳಲ್ಲಿ ಮೂರು. ಒಟ್ಟು 320ಕ್ಕೂ ಮೇಲಿರುವಾಗ ಆ ಮೂರನ್ನು ಹಿಡಿಯಬೇಕು.

ಆ ಮೂರು ಎಲ್ಲಿಂದ ಬಂತು ಎಂದು ಹೇಳಲು ಗಾಳಿಯ ಚಲನೆಯನ್ನು ಕಂಪ್ಯೂಟರ್ ಮಾಡೆಲ್‌ನಲ್ಲಿ ಓಡಿಸುತ್ತಾರೆ. ಶುರುವಿಗೆ ಒಂದು ಅಂದಾಜು ಬೇಕು, ಅದೇ ಹಲಸಿನ ಮರದ ನೆನಪು. ಇದನ್ನು ಪ್ರಯರ್ ಎನ್ನುತ್ತಾರೆ, ತಮಾಷೆ ಏನೆಂದರೆ ಇದು ಬರುವುದೇ ಬಾಟಮ್ ಅಪ್ ಲೆಕ್ಕದಿಂದ. ಮಾಡೆಲ್ ಹೇಳಿದ್ದಕ್ಕೂ ಅಳತೆಗೂ ತಾಳೆಯಾಗದಿದ್ದರೆ ಪ್ರಯರ್ ಅನ್ನು ಸ್ವಲ್ಪ ಸ್ವಲ್ಪವೇ ತಿದ್ದುತ್ತಾ ಹೋಗುತ್ತಾರೆ. ವಾತಾವರಣ ವಿಜ್ಞಾನಿ ರೋನಾ ಥಾಂಪ್ಸನ್ ಮತ್ತು ಜೊತೆಗಾರರು 1998ರಿಂದ 2016ರ ಅಳತೆಗಳನ್ನು ಹೀಗೆ ತಿರುವಿ ನೋಡಿದಾಗ, ಹಾಕಿದ ನೈಟ್ರೋಜನ್‌ನಲ್ಲಿ ಅನಿಲವಾಗುವ ಪಾಲು ಹೊಲದಿಂದ ನೇರವಾಗಿ ಹೋದದ್ದು, ಕೊಚ್ಚಿಹೋಗಿ ಬೇರೆ ಕಡೆ ಪರೋಕ್ಷವಾಗಿ ಹೋದದ್ದು ಎರಡೂ ಸೇರಿ ಶೇ. 2.3 ಎಂದು ಬಂತು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಸಿದ್ಧ ಸೂತ್ರದಲ್ಲಿ ಇದು ಶೇ. 1.375. ನನಗೆ ಈ ವಿಧಾನದ ಮೇಲೆ ಗೌರವ ಬಂದಿದ್ದು ಇಲ್ಲೇ.

ಆದರೆ ಮೂಗೇ ಇಲ್ಲದ ಬೀದಿಯಲ್ಲಿ ವಾಸನೆ ಯಾರಿಗೆ ಬರಬೇಕು? ಆಫ್ರಿಕಾದಲ್ಲಿ ಅಳತೆ ಕೇಂದ್ರಗಳು ಬಹಳ ಕಡಿಮೆ. ಅಂಥ ಕಡೆ ತಿದ್ದುವುದಕ್ಕೆ ಏನೂ ಸಿಗದೆ ಪ್ರಯರ್ ಹಾಗೇ ಹೊರಗೆ ಬರುತ್ತದೆ, ಬಣ್ಣದ ನಕ್ಷೆಯಲ್ಲಿ ಅದೂ ಅಳೆದದ್ದೇ ಅನ್ನುವ ಹಾಗೆ ಕಾಣುತ್ತದೆ.