ಎದುರಿನವರು ಮಾತಾಡುವಾಗ ನಿಮ್ಮ ಮುಖ ಏನು ಮಾಡುತ್ತಿರುತ್ತದೆ?

ಆಡಿಷನ್ ಕೋಣೆಯಲ್ಲಿ ಕ್ಯಾಮೆರಾ ಪಕ್ಕ ನಿಂತು ಎದುರು ಪಾತ್ರದ ಡೈಲಾಗ್ ಓದುವುದು ನನ್ನ ಕೆಲಸಗಳಲ್ಲಿ ಒಂದು. ಉಳಿದ ದಿನಗಳಲ್ಲಿ ಕ್ಯಾಮೆರಾ ಮುಂದೆ ನಟಿಸುವುದನ್ನು ಕಲಿಸುತ್ತೇನೆ. ಒಮ್ಮೆ ನಾಟಕದಲ್ಲಿ ಚೆನ್ನಾಗಿ ಪಳಗಿದ ಹುಡುಗನೊಬ್ಬ ಕಲಿಯಲು ಬಂದಿದ್ದ. ಒಳ್ಳೆಯ ಕಂಠ. ಡೈಲಾಗ್ ಒಂದಕ್ಷರ ತಪ್ಪಿಲ್ಲ. ಸೀನ್ ಇಷ್ಟೇ: ಊರು ಬಿಟ್ಟು ಹೋಗುತ್ತಿದ್ದೇನೆ ಎಂದು ಅಕ್ಕ ಹೇಳುತ್ತಾಳೆ, ತಮ್ಮ ತಡೆಯಲು ನೋಡುತ್ತಾನೆ. ಅಕ್ಕನ ಮಾತು ನಾನು ಓದಿದೆ. ಟೇಕ್ ಮುಗಿದ ಮೇಲೆ ಕೇಳಿದೆ, "ಅಕ್ಕ ಯಾಕೆ ಹೋಗ್ತಿದ್ದಾಳಂತೆ?"

ಅವನು ತಡವರಿಸಿದ. "ಮೇಡಂ, ಅವಳ ಮಾತಿನ ಕೊನೆಗೆ 'ನಾಳೆ ಬೆಳಿಗ್ಗೆ' ಅಂತ ಬರುತ್ತೆ. ಅದಾದ ಮೇಲೆ ನನ್ನ ಡೈಲಾಗ್."

ಆ ಎರಡು ಪದ ಬರುವುದನ್ನೇ ಅವನು ಕಾಯುತ್ತಿದ್ದ. ರೆಕಾರ್ಡಿಂಗ್ ಹಾಕಿ ತೋರಿಸಿದೆ. ತಾನು ಮಾತಾಡುವಾಗ ಮುಖದಲ್ಲಿ ಜೀವವಿತ್ತು. ಅಕ್ಕ ಮಾತಾಡುವಾಗ ಅಲ್ಲಿದ್ದದ್ದು ತನ್ನ ಸರದಿಗೆ ಕಾಯುವವನ ಮುಖ. ನಾನು ಹೇಳುವ ಮೊದಲೇ ಅವನಿಗೆ ಅದು ಕಂಡಿತು.

ಆಡಿಷನ್‌ಗೆ ಬರುವವರಲ್ಲಿ ನಾನು ತುಂಬಾ ಸಲ ನೋಡುವ ತೊಂದರೆ ಇದು. ತಯಾರಿಯೆಲ್ಲ ತಮ್ಮ ಮಾತಿನ ಮೇಲೆಯೇ. ಕ್ಯಾಮೆರಾ ಮಾತ್ರ ನೀವು ಸುಮ್ಮನಿರುವಾಗಲೂ ನಿಮ್ಮನ್ನೇ ನೋಡುತ್ತಿರುತ್ತದೆ.

ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಎಂಬ ನಿರ್ದೇಶಕ ಮಾಡಿದ ಒಂದು ಪ್ರಯೋಗ ಸಿನಿಮಾ ಕಲಿಯುವವರಿಗೆಲ್ಲ ಗೊತ್ತಿರುತ್ತದೆ. ಇವಾನ್ ಮೋಜುಖಿನ್ ಎಂಬ ನಟನ ಮುಖದ ಒಂದೇ ಶಾಟ್. ಅದರ ಪಕ್ಕ ಒಮ್ಮೆ ಸೂಪ್ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಹೆಂಗಸೊಬ್ಬಳ ಶಾಟ್ ಜೋಡಿಸಿದರು. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಬೇರೆಬೇರೆಯಾಗಿ ಕಂಡವಂತೆ. ಎಡಿಟಿಂಗ್‌ನ ಶಕ್ತಿಗೆ ಇದನ್ನು ಉದಾಹರಣೆ ಕೊಡುತ್ತಾರೆ. ಆಡಿಷನ್‌ಗೆ ಹೋಗುವವರು ಇದನ್ನು ತಿರುಗಿಸಿ ನೋಡಬೇಕು. ನಿಮ್ಮ ಟೇಪಿನಲ್ಲಿ ಆ ಎರಡನೇ ಶಾಟೇ ಇರುವುದಿಲ್ಲ. ಅಕ್ಕನ ಮುಖ ಯಾರಿಗೂ ಕಾಣುವುದಿಲ್ಲ, ಅವಳ ಕೈಯಲ್ಲಿರುವ ಚೀಲ ಕಾಣುವುದಿಲ್ಲ. ಅವೆಲ್ಲ ನೋಡುವವರಿಗೆ ಗೊತ್ತಾಗಬೇಕಾದರೆ ನಿಮ್ಮ ಕಣ್ಣಿನಿಂದಲೇ ಗೊತ್ತಾಗಬೇಕು.

ಹಾಗಾಗಿ ಕಣ್ಣು ಎಲ್ಲಿ ನೋಡುತ್ತದೆ ಎಂಬುದು ದೊಡ್ಡ ವಿಷಯ. ನಿಮ್ಮ ಹೆಸರು, ಎತ್ತರ ಹೇಳಿ ಪರಿಚಯ ಮಾಡಿಕೊಳ್ಳುವಾಗ ನೇರ ಲೆನ್ಸ್ ನೋಡಿ. ಸೀನ್ ಶುರುವಾದ ಮೇಲೆ, ಹಾಗೆ ಮಾಡಲು ಹೇಳದ ಹೊರತು, ಲೆನ್ಸ್ ನೋಡಬಾರದು. ಓದುವವರು ಲೆನ್ಸ್‌ಗೆ ಅಂಟಿದಂತೆ ಪಕ್ಕದಲ್ಲೇ, ನಿಮ್ಮ ಕಣ್ಣಿನ ಎತ್ತರಕ್ಕೆ ಇರಬೇಕು. ಅವರು ಎರಡು ಹೆಜ್ಜೆ ದೂರ ಸರಿದರೂ ಸಾಕು, ನಿಮ್ಮ ಒಂದು ಕಣ್ಣು ಅರ್ಧ ಮರೆಯಾಗುತ್ತದೆ. "ಸ್ವಲ್ಪ ಕ್ಯಾಮೆರಾ ಹತ್ತಿರ ಬರ್ತೀರಾ?" ಎಂದು ಕೇಳಲು ಹಿಂಜರಿಯಬೇಡಿ. ನನ್ನನ್ನು ಹಾಗೆ ಕೇಳಿದವರ ಮೇಲೆ ನನಗೆ ಗೌರವವೇ ಜಾಸ್ತಿ, ಕೆಲಸ ಗೊತ್ತಿರುವವರು ಕೇಳುವ ಪ್ರಶ್ನೆ ಅದು. ಇನ್ನೊಂದು ಸಣ್ಣ ಮಾತು. ಹತ್ತಿರದಿಂದ ಒಬ್ಬರನ್ನು ನೋಡುವಾಗ ನಮ್ಮ ದೃಷ್ಟಿ ಅವರ ಒಂದು ಕಣ್ಣಿಂದ ಇನ್ನೊಂದಕ್ಕೆ ಓಡಾಡುತ್ತದೆ. ಬದುಕಿನಲ್ಲಿ ಅದು ಗೊತ್ತೇ ಆಗುವುದಿಲ್ಲ, ಕ್ಲೋಸಪ್‌ನಲ್ಲಿ ಚಡಪಡಿಕೆಯಂತೆ ಕಾಣುತ್ತದೆ. ಲೆನ್ಸ್‌ಗೆ ಹತ್ತಿರವಿರುವ ಕಣ್ಣೊಂದನ್ನೇ ನೋಡಿ. ಸೀನಿನಲ್ಲಿ ಮೂರನೆಯವರು ಇದ್ದರೆ ಅವರನ್ನು ಲೆನ್ಸ್‌ನ ಇನ್ನೊಂದು ಬದಿಗೆ, ಅಷ್ಟೇ ಹತ್ತಿರದಲ್ಲಿ ಇದ್ದಾರೆ ಎಂದುಕೊಳ್ಳಿ. ಆ ಜಾಗವನ್ನು ಸೀನ್ ಮುಗಿಯುವವರೆಗೆ ಬದಲಿಸಬೇಡಿ.

ಎಲ್ಲ ಹೊತ್ತೂ ಎದುರಿನವರನ್ನೇ ದಿಟ್ಟಿಸಬೇಕಾಗಿಲ್ಲ. ಯೋಚಿಸುವಾಗ ನಾವು ದೃಷ್ಟಿ ತಪ್ಪಿಸುತ್ತೇವೆ, ಅಲ್ವಾ? ಹಾಗೆ ತಪ್ಪಿಸಿದಾಗ ನೆಲ ನೋಡಿದರೆ ರೆಪ್ಪೆ ಮುಚ್ಚಿಕೊಂಡು ಕಣ್ಣೇ ಕಾಣುವುದಿಲ್ಲ. ಲೆನ್ಸ್‌ನ ಆಚೆ ಬದಿಗೆ, ಅದೇ ಎತ್ತರದಲ್ಲಿ ಒಂದು ಜಾಗ ಗುರುತಿಟ್ಟುಕೊಳ್ಳಿ.

"ಕ್ಯಾಮೆರಾಗೆ ಎಲ್ಲ ಕಡಿಮೆ ಮಾಡಬೇಕು" ಎಂಬ ಮಾತು ನಾಟಕದಿಂದ ಬಂದವರ ಕಿವಿಗೆ ಬಿದ್ದಿರುತ್ತದೆ. ಈ ಮಾತಿನಿಂದ ಆಗಿರುವ ಹಾನಿ ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಒಳಗಿನ ಬೆಂಕಿಯನ್ನೇ ಆರಿಸಿಕೊಂಡು, ಮುಖ ಬಿಗಿಹಿಡಿದು, ಗೊಣಗುವ ದನಿಯಲ್ಲಿ ಡೈಲಾಗ್ ಒಪ್ಪಿಸುತ್ತಾರೆ. ಕಡಿಮೆಯಾಗಬೇಕಾದದ್ದು ದೂರ ಮಾತ್ರ. ವೇದಿಕೆಯಲ್ಲಿ ನಿಮ್ಮ ಮಾತು ಕೊನೆಯ ಸಾಲಿಗೆ ಮುಟ್ಟಬೇಕು. ಇಲ್ಲಿ ನಾಲ್ಕು ಅಡಿ ದೂರದಲ್ಲಿರುವ ಅಕ್ಕನಿಗೆ ಮುಟ್ಟಿದರೆ ಸಾಕು. ಅವಳು ಹೋಗಬಾರದು ಎಂಬ ಆಸೆ ಎರಡೂ ಕಡೆ ಒಂದೇ ತೂಕದ್ದು.

ಫ್ರೇಮ್ ಎಲ್ಲಿಯವರೆಗೆ ಇದೆ ಎಂದು ಮೊದಲೇ ಕೇಳಿಕೊಳ್ಳಿ. ಸಾಮಾನ್ಯವಾಗಿ ಎದೆಯಿಂದ ತಲೆಯವರೆಗೆ ಇಡುತ್ತಾರೆ. ಆ ಚೌಕಟ್ಟಿನಲ್ಲಿ ಸೊಂಟದ ಬಳಿ ಆಡುವ ಕೈ ಕಾಣುವುದಿಲ್ಲ, ಭುಜದ ಅಲುಗಾಟ ಮಾತ್ರ ಕಾಣುತ್ತದೆ. ಮಾತಿಗೊಮ್ಮೆ ತಲೆ ಆಡಿಸುವ ಅಭ್ಯಾಸ ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಭಾರ ಒಂದು ಕಾಲಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರೆ ನೀವೇ ಫ್ರೇಮಿನಲ್ಲಿ ತೂಗಾಡುತ್ತೀರಿ.

ಡೈಲಾಗ್ ಕಲಿಯುವ ಬಗೆಗೆ ಬರುತ್ತೇನೆ. ಬಹಳ ಜನ ಭಾವ ಸಮೇತ ಬಾಯಿಪಾಠ ಮಾಡುತ್ತಾರೆ. ಇಲ್ಲಿ ದನಿ ಏರಿಸಬೇಕು, ಇಲ್ಲಿ ನಿಲ್ಲಿಸಬೇಕು ಎಂದು ಒಂದು ರಾಗ ಕೂರಿಸಿಕೊಳ್ಳುತ್ತಾರೆ. ಆಮೇಲೆ ಎದುರಿನವರು ಸಿಟ್ಟಿನಿಂದ ಓದಿದರೂ ಅದೇ ರಾಗ, ಮೆತ್ತಗೆ ಓದಿದರೂ ಅದೇ ರಾಗ. ನಾನು ಹೇಳುವುದು, ಸಪ್ಪೆಯಾಗಿ ಕಲಿಯಿರಿ. ಪಾತ್ರೆ ತೊಳೆಯುತ್ತಾ, ನಡೆಯುತ್ತಾ, ಯಾವ ಭಾವವೂ ಇಲ್ಲದೆ ಮಾತು ನಾಲಿಗೆಗೆ ಹತ್ತಲಿ. ಜೊತೆಗೆ ಎದುರು ಪಾತ್ರದ ಮಾತನ್ನು ನಿಮ್ಮ ಕೈಯಿಂದ ಬರೆದುಕೊಳ್ಳಿ. ಪ್ರತಿ ಸಾಲಿನ ಮುಂದೆ, ಅದು ನನಗೆ ಏನು ಮಾಡುತ್ತದೆ ಎಂದು ಗುರುತು ಹಾಕಿ. ಯಾವ ಪದ ಚುಚ್ಚುತ್ತದೆ? ಯಾವ ಪದದಿಂದ ಆಸೆ ಹುಟ್ಟುತ್ತದೆ? ನಿಮಗೆ ಉತ್ತರ ಹೊಳೆಯುವುದು ಸಾಮಾನ್ಯವಾಗಿ ಅವರ ಸಾಲಿನ ನಡುವೆ, ಕೊನೆಯಲ್ಲಲ್ಲ. ಆ ಹೊಳೆದ ಕ್ಷಣ ಮುಖದಲ್ಲಿ ತಾನಾಗಿ ಬರುತ್ತದೆ. ಅವರ ಮಾತು ಮುಗಿಯುವವರೆಗೆ ನೀವು ತಡೆದುಕೊಳ್ಳುತ್ತೀರಿ. ಆ ತಡೆದುಕೊಳ್ಳುವುದೇ ನೋಡಲು ಬಲು ಚಂದ.

ಮಾತು ಮರೆತರೆ ನಾಲಗೆ ಕಚ್ಚಿಕೊಳ್ಳದೆ ಸೀನಿನೊಳಗೇ ಇರಿ, ಹಾಳೆ ನೋಡಿ, ಮುಂದುವರಿಸಿ. ಹಾಳೆಯನ್ನು ಎದೆಯ ಮಟ್ಟಕ್ಕೆ ಹಿಡಿದರೆ ಕಣ್ಣು ದೂರ ಓಡಬೇಕಾಗಿಲ್ಲ. ಕಟ್ ಎನ್ನುವವರೆಗೆ ಪಾತ್ರ ಬಿಡಬೇಡಿ. ಕೊನೆಯ ಡೈಲಾಗ್ ಆದ ಕೂಡಲೇ "ಹೇಗಿತ್ತು?" ಎನ್ನುವ ಮುಖ ಮಾಡಿ ಒಳ್ಳೆಯ ಟೇಕ್ ಕಳೆದುಕೊಂಡವರನ್ನು ಕಂಡಿದ್ದೇನೆ.

ಒಂದು ಟೇಕ್ ಆದ ಮೇಲೆ "ಈಗ ಬೇರೆ ಥರ ಮಾಡಿ" ಎಂದರೆ ಗಾಬರಿ ಬೇಡ. ಇಷ್ಟವಾಗದೆ ಹೋಗಿದ್ದರೆ ಥ್ಯಾಂಕ್ಸ್ ಹೇಳಿ ಕಳಿಸಬಹುದಿತ್ತು. ಸೆಟ್‌ನಲ್ಲಿ ನಿರ್ದೇಶಕರ ಮಾತು ನಿಮ್ಮೊಳಗೆ ಇಳಿಯುತ್ತದೋ ಇಲ್ಲವೋ ಎಂದು ನೋಡುವ ಬಗೆ ಅದು. ಅರ್ಥವಾಗದಿದ್ದರೆ ಒಂದೇ ಪ್ರಶ್ನೆ ಕೇಳಿ. ಮೊದಲು ಹಾಗೆ ಮಾಡಿದ್ದು ಯಾಕೆ ಎಂದು ವಿವರಿಸಲು ಹೋಗಬೇಡಿ. ಬದಲಾವಣೆ ಕಣ್ಣಿಗೆ ಕಾಣುವಷ್ಟು ಇರಲಿ.

ಮನೆಯಿಂದ ಸೆಲ್ಫ್ ಟೇಪ್, ಅಂದರೆ ನೀವೇ ರೆಕಾರ್ಡ್ ಮಾಡಿದ ಆಡಿಷನ್ ವಿಡಿಯೊ, ಕಳಿಸುವುದಾದರೆ: ಫೋನ್ ಅಡ್ಡಡ್ಡ, ಕಣ್ಣಿನ ಎತ್ತರಕ್ಕೆ, ಸ್ಟ್ಯಾಂಡ್ ಮೇಲೆ. ಬೆಳಕು ಮುಂದಿನಿಂದ, ಹಿಂದೆ ಖಾಲಿ ಗೋಡೆ. ಓದುವವರು ಮೈಕ್‌ಗೆ ನಿಮಗಿಂತ ಹತ್ತಿರ ಇರುವುದರಿಂದ ಅವರು ದನಿ ತಗ್ಗಿಸಬೇಕು. ಟೇಪ್ ಕೇಳಿದವರು ಹೇಳಿದ ಫೈಲ್ ಅಳತೆ, ಫೈಲ್ ಹೆಸರು, ಟೇಕ್‌ಗಳ ಲೆಕ್ಕ ಮೀರಬೇಡಿ.

ಆ ಹುಡುಗನಿಗೆ ಕೊಟ್ಟ ಅಭ್ಯಾಸವನ್ನು ಎಲ್ಲರಿಗೂ ಕೊಡುತ್ತೇನೆ. ಸ್ನೇಹಿತರೊಬ್ಬರು ತಮಗೆ ನಿಜವಾಗಿ ಆದ ಯಾವುದಾದರೂ ವಿಷಯವನ್ನು 2 ನಿಮಿಷ ಹೇಳಲಿ. ಕೇಳುವ ನಿಮ್ಮ ಮುಖ ಮಾತ್ರ ರೆಕಾರ್ಡ್ ಆಗಲಿ. ಆಮೇಲೆ ನಿಮ್ಮ ಸೀನನ್ನು ರೆಕಾರ್ಡ್ ಮಾಡಿ. ಎರಡನ್ನೂ ಸೌಂಡ್ ಆಫ್ ಮಾಡಿ ಒಂದಾದ ಮೇಲೊಂದು ನೋಡಿ. ಮೊದಲನೆಯದರಲ್ಲಿ ಮುಖ ಹೆಚ್ಚೇನೂ ಮಾಡಿರುವುದಿಲ್ಲ. ಏನೋ ಹೇಳಲು ಉಸಿರು ಎಳೆದುಕೊಂಡು ಬಿಟ್ಟಿರುತ್ತೀರಿ. ಹುಬ್ಬು ಒಂದು ಕ್ಷಣ ಗಂಟಿಕ್ಕಿರುತ್ತದೆ.

ಅವನು ಒಂದು ವಾರ ಇದನ್ನೇ ಮಾಡಿದ. ಮತ್ತೆ ಅದೇ ಸೀನ್ ಓದಿದೆವು. "ನಾಳೆ ಬೆಳಿಗ್ಗೆ" ಎಂದು ನಾನು ಮುಗಿಸಿದೆ. ಅವನು ತಕ್ಷಣ ಮಾತಾಡಲಿಲ್ಲ. ಇಲ್ಲದ ಚೀಲವನ್ನೊಮ್ಮೆ ನೋಡಿ, ನನ್ನ ಮುಖಕ್ಕೆ ಕಣ್ಣು ತಂದು, ಆಮೇಲೆ ತನ್ನ ಡೈಲಾಗ್ ಹೇಳಿದ. ಕ್ಷಣಕಾಲ ಮುಂದಿನ ಸಾಲು ಓದಲು ನನಗೇ ಕಷ್ಟವಾಯಿತು.