‘ಬೋಧನಾ ಮಾದರಿ’ ಅಂದರೆ ಮಾಡಿ ತೋರಿಸುವುದಲ್ಲ

ನಮ್ಮ ದೈಹಿಕ ಶಿಕ್ಷಣದ ಪಾಠ ಯೋಜನೆಯಲ್ಲಿ ‘ಬೋಧನಾ ಮಾದರಿ’ ಎಂಬ ಕಾಲಂ ಇದೆ. ಈ ವಾರ ಜೊತೆಯ ಪ್ರಶಿಕ್ಷಣಾರ್ಥಿಗಳ ನಾಲ್ಕು ಪುಸ್ತಕ ನೋಡಿದೆ. ನಾಲ್ಕರಲ್ಲೂ ಅಲ್ಲಿ ಒಂದೇ ಉತ್ತರ: ‘ಶಿಕ್ಷಕರು ಮಾಡಿ ತೋರಿಸುವುದು’. ಇನ್ನು ಸುಮ್ನೆ ಇರಲು ಆಗಲಿಲ್ಲ.

ಗೊಂದಲ ಹುಟ್ಟುವುದು ‘ಮಾದರಿ’ ಎಂಬ ಪದದಿಂದಲೇ. ‘ಇದೇ ಮಾದರಿಯ ಸ್ಟಿಕ್ ಕೊಡಿ’ ಅಂದರೆ ಬಗೆ, ನಮೂನೆ. ತಮಿಳು, ಮಲಯಾಳದ ‘ಮಾದಿರಿ’ಯೂ ಹೀಗೇ; ಕೊಡಗಿನ ಕೇರಳ ಗಡಿಯ ಕುಟ್ಟ, ಮಾಕುಟ್ಟದ ಕಡೆಯವರಿಗೆ ಹೇಳಬೇಕಾಗಿಲ್ಲ. ‘ಮಾದರಿ ಶಾಲೆ’ ಅಂದರೆ ಉಳಿದವರು ನೋಡಿ ಕಲಿಯಬೇಕಾದ ಶಾಲೆ. ‘ಮಾದರಿ ಪಾಠ’ ಅಂದರೆ ಹಿರಿಯರು ನಮ್ಮೆದುರು ಮಾಡಿ ತೋರಿಸುವ ಪಾಠ. ಟ್ರೈನಿಂಗ್‌ನಲ್ಲಿ ನಮಗೆ ಜಾಸ್ತಿ ಪರಿಚಯ ಈ ಕೊನೆಯದ್ದೇ. ಹಾಗಾಗಿ ‘ಮಾದರಿ’ ಎಂದು ಕಂಡ ಕೂಡಲೇ ಕೈ ‘ಮಾಡಿ ತೋರಿಸುವುದು’ ಎಂದು ಬರೆದುಬಿಡುತ್ತದೆ.

ಮಾಡಿ ತೋರಿಸುವುದು ಒಂದು ವಿಧಾನ. ಐದು ನಿಮಿಷದಲ್ಲಿ ಮುಗಿಯುತ್ತದೆ. ಬೋಧನಾ ಮಾದರಿ ಮನೆಯ ನಕ್ಷೆ ಇದ್ದ ಹಾಗೆ. ಹಲವು ವಾರಗಳ ಪಾಠದಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಮಕ್ಕಳು ಏನನ್ನು ತಾವೇ ತೀರ್ಮಾನಿಸಬೇಕು, ಕೊನೆಗೆ ಅವರಿಗೆ ಏನು ಬರಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ.

ವಿರಾಜಪೇಟೆ ಕಡೆಯ ಶಾಲೆಯೊಂದರಲ್ಲಿ ನನಗೆ ಆರನೇ ಕ್ಲಾಸಿನ ಹಾಕಿ ಪೀರಿಯಡ್ ಸಿಕ್ಕಿತ್ತು. ಸಾಲಾಗಿ ನಿಲ್ಲಿಸಿ ಪುಶ್ ಪಾಸ್ (ಸ್ಟಿಕ್‌ನಿಂದ ಬಾಲನ್ನು ತಳ್ಳಿ ಜೊತೆಯವರಿಗೆ ಕೊಡುವುದು) ಕಲಿಸಿದೆ. ಚೆನ್ನಾಗಿಯೇ ಮಾಡಿದರು. ಆದರೆ ಎಲ್ಲರದ್ದೂ ಒಂದೇ ಪ್ರಶ್ನೆ: ‘ಸಾರ್, ಮ್ಯಾಚ್ ಯಾವಾಗ?’ ಮ್ಯಾಚ್ ಆಡಲು ಬಿಟ್ಟರೆ ಅಷ್ಟೂ ಮಕ್ಕಳು ಬಾಲಿನ ಹಿಂದೆಯೇ ಓಡಿದರು. ಕಲಿತ ಪಾಸ್ ಎಲ್ಲೂ ಕಾಣಲಿಲ್ಲ.

ಮುಂದಿನ ಪೀರಿಯಡ್‌ಗೆ ಕ್ರಮ ಬದಲಿಸಿದೆ. ಚಿಕ್ಕ ಅಂಕಣ, ಈ ಕಡೆ ಮೂವರು, ಆ ಕಡೆ ಇಬ್ಬರು. ಐದು ನಿಮಿಷ ಆಡಿಸಿ, ಸೀಟಿ ಊದಿ, ‘ಬಾಲ್ ನಿನ್ನ ಹತ್ರ ಇಲ್ಲದಾಗ ಎಲ್ಲಿ ನಿಲ್ತೀಯಾ?’ ಎಂದು ಕೇಳಿದೆ. ಮತ್ತೆ ಆಟ ಶುರುವಾದಾಗ ಒಬ್ಬಳು ಗುಂಪು ಬಿಟ್ಟು ಬೇಲಿ ಬದಿಗೆ ಸರಿದು, ಒದ್ದೆ ನೆಲಕ್ಕೆ ಸ್ಟಿಕ್ಕನ್ನು ಎರಡು ಸಲ ಬಡಿದಳು. ಇಲ್ಲಿಗೆ ಕೊಡು ಅಂತ! ಪಾಸ್ ಯಾಕೆ ಬೇಕು ಎಂದು ಅವರಿಗೆ ಗೊತ್ತಾದ ಮೇಲೆ, ಪಾಸ್ ಹೇಗೆ ಎಂದು ಮಾಡಿ ತೋರಿಸಿದೆ. ಇದು ಇಂಗ್ಲೆಂಡಿನ ದೈಹಿಕ ಶಿಕ್ಷಣ ತಜ್ಞರಾದ ಬಂಕರ್ ಮತ್ತು ಥಾರ್ಪ್ 1982ರಲ್ಲಿ ಮುಂದಿಟ್ಟ ‘ಟೀಚಿಂಗ್ ಗೇಮ್ಸ್ ಫಾರ್ ಅಂಡರ್‌ಸ್ಟ್ಯಾಂಡಿಂಗ್’ ಮಾದರಿಯ ದಾರಿ: ಆಟ ಮೊದಲು, ಕೌಶಲ ಆಮೇಲೆ.

ಅಮೆರಿಕದ ಸೀಡೆಂಟಾಪ್ ಅವರ ‘ಸ್ಪೋರ್ಟ್ ಎಜುಕೇಶನ್’ ಇನ್ನೊಂದು ಮಾದರಿ. ಇಡೀ ಸೀಸನ್‌ಗೆ ಒಂದೇ ತಂಡ, ವೇಳಾಪಟ್ಟಿ, ದಾಖಲೆ, ಕೊನೆಗೆ ಹಬ್ಬದಂಥ ಪಂದ್ಯ. ಅಂಪೈರ್, ಸ್ಕೋರರ್ ಎಲ್ಲ ಮಕ್ಕಳೇ. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ, ಕುಟುಂಬಗಳೇ ತಂಡ ಕಟ್ಟಿ ಆಡುವ ಕೊಡವ ಕೌಟುಂಬಿಕ ಹಾಕಿ ನೋಡಿ ಬೆಳೆದವರಿಗೆ ‘ನಮ್ಮ ತಂಡ’ ಅನ್ನುವ ಅಭಿಮಾನವನ್ನು ವಿವರಿಸಬೇಕೇ? ಒಂದು ಒಕ್ಕದ (ಮನೆತನದ) ದೊಡ್ಡವರು, ಚಿಕ್ಕವರು, ಹೆಂಗಸರು ಒಟ್ಟಿಗೆ ಆಡುತ್ತಾರೆ. ಆದರೆ ಶಾಲೆಯಲ್ಲಿ ಒಂದು ದಿನ ಟೂರ್ನಮೆಂಟ್ ಮಾಡಿ ಅದನ್ನೇ ಈ ಮಾದರಿ ಎಂದು ಕರೆಯಬೇಡಿ. ನಾಕೌಟ್‌ನಲ್ಲಿ ಸೋತವರು ಹೊರಗೆ. ಸ್ಪೋರ್ಟ್ ಎಜುಕೇಶನ್‌ನಲ್ಲಿ ಸೋತ ತಂಡವೂ ಸೀಸನ್ ಮುಗಿಯುವವರೆಗೆ ಆಡಲೇಬೇಕು. ಜಾಸ್ತಿ ಕಲಿಯಬೇಕಾದವರು ಅವರೇ ಅಲ್ವಾ?

‘ಮಾದರಿ’ ಕಾಲಂನಲ್ಲಿ ಇಂಥ ಒಂದು ಹೆಸರು ಬರೆಯಿರಿ. ‘ಮಾಡಿ ತೋರಿಸುವುದು’ ಪಕ್ಕದ ‘ವಿಧಾನ’ ಕಾಲಂಗೆ ಹೋಗಲಿ.